ಬಲ್ಮಠದ ಖಾಕಿ

ಖಾಕಿ ಬಟ್ಟೆಯ ಮಂಗಳೂರು ಅಧ್ಯಾಯ ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ, 1851ರ ಸುಮಾರಿಗೆ ತೊಡಗುತ್ತದೆ. ಆ ವರ್ಷ ಜಾನ್ ಹಾಲರ್ ಎಂಬ ನುರಿತ ಯುರೋಪಿಯನ್ ನೇಕಾರ ಮಂಗಳೂರಿಗೆ ಬಂದ. ಮಣ್ಣಿನ ಬಣ್ಣದ ಗಟ್ಟಿ ಹತ್ತಿಬಟ್ಟೆಯೊಂದನ್ನು ಇಲ್ಲಿ ನೇಯ್ದು, ಬಣ್ಣ ಕಟ್ಟಿ ಮಾರಾಟಕ್ಕೆ ತಂದ ಹಿರಿಮೆ ಅವನಿಗೇ ಸಲ್ಲುತ್ತ ಬಂದಿದೆ. ಖಾಕಿ ಜಗತ್ತಿಗೆ ಹೋದದ್ದೇ ಮಂಗಳೂರಿನಿಂದ ಎನ್ನುವುದು ಊರಿನವರ ಹೆಮ್ಮೆಯ ಮಾತು. ಅದರಲ್ಲಿ ಎಷ್ಟು ನಿಲ್ಲುತ್ತದೆ ಎಂದು ನೋಡಬೇಕಾದರೆ ಬಣ್ಣ, ಬಟ್ಟೆ, ಸಮವಸ್ತ್ರ ಎಂಬ ಮೂರನ್ನೂ ಬೇರೆ ಬೇರೆಯಾಗಿ ತೂಗಬೇಕು.

ಧರ್ಮಪ್ರಚಾರಕ್ಕೆಂದು ಬಂದವರು ಮಗ್ಗ ಹೂಡಿದ್ದಕ್ಕೆ ಕಾರಣ ಹೊಟ್ಟೆಪಾಡು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, 1834ರ ಅಕ್ಟೋಬರ್‌ನಲ್ಲಿ ಮಂಗಳೂರು ತಲಪಿದರು. ಮತಾಂತರಗೊಂಡವರಲ್ಲಿ ಬಿಲ್ಲವರು ಹೆಚ್ಚು. ಅವರ ಕುಲಕಸುಬುಗಳಲ್ಲೊಂದಾದ ಮೂರ್ತೆಗಾರಿಕೆಯನ್ನು, ಎಂದರೆ ಶೇಂದಿ ಇಳಿಸುವುದನ್ನು, ಮಿಶನ್ ಒಪ್ಪುತ್ತಿರಲಿಲ್ಲ. ಜಾತಿಯಿಂದ ಹೊರಬಿದ್ದವನಿಗೆ ಮನೆಯೂ ಗೇಣಿಯ ಗದ್ದೆಯೂ ಕೈತಪ್ಪುತ್ತಿದ್ದವು. ಹೀಗೆ ನಿಂತ ನೆಲ ಕುಸಿದವರಿಗೆ ಕೆಲಸ ಕೊಡುವ ಹೊಣೆ ಮಿಶನ್ನಿನ ತಲೆಗೇ ಬಂತು. ಬೇಸಾಯ, ಬಡಗಿತನ ಹೀಗೆ ಹಲವು ಪ್ರಯೋಗಗಳು ನಡೆದವು. ಗಟ್ಟಿಯಾಗಿ ಬೇರೂರಿದವು ಮೂರೇ. 1841ರ ಮುದ್ರಣಾಲಯ, ನೇಯ್ಗೆ, ಮತ್ತು 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ. ಇವುಗಳಲ್ಲಿ ಹಂಚು ಊರಿನ ಹೆಸರನ್ನೇ ಹೊತ್ತು ತಿರುಗಿತು. ನೇಯ್ಗೆಗೆ ಆ ಭಾಗ್ಯ ಇರಲಿಲ್ಲ.

ಹಾಲರ್ ಬರುವ ಮೊದಲೂ ಕರಾವಳಿಯಲ್ಲಿ ಮಗ್ಗಗಳಿದ್ದವು. ನೇಯ್ಗೆ ಶೆಟ್ಟಿಗಾರರ ಕುಲಕಸುಬು. ನೇಕಾರ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯುತ್ತಿದ್ದ. ಕೈ ಚಾಚುವಷ್ಟೇ ಬಟ್ಟೆಯ ಅಗಲ. ಹಾಲರ್ ತಂದ ವ್ಯವಸ್ಥೆ ಬೇರೆ: ನೆಲದ ಮೇಲೆ ನಿಲ್ಲುವ ಮರದ ಚೌಕಟ್ಟಿನ ಮಗ್ಗ, ಹಗ್ಗ ಜಗ್ಗಿದರೆ ತಾನೇ ಓಡುವ ಲಾಳಿ. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಕಂಡುಹಿಡಿದ ಈ ಓಡುವ ಲಾಳಿಯಿಂದ ಒಬ್ಬನೇ ಅಗಲವಾದ ಬಟ್ಟೆಯನ್ನು ಬೇಗ ನೇಯಬಹುದಾಗಿತ್ತು. ಬಲ್ಮಠದಲ್ಲಿ ಮೊದಲಿಗೆ ಇಂಥ 21 ಮಗ್ಗಗಳು ಕೂತವು, ಪಕ್ಕದಲ್ಲೇ ಬಣ್ಣದ ಮನೆ. ಮನೆಯ ಜಗಲಿಯಲ್ಲಿ ಕುಟುಂಬವೇ ಕೂಡಿ ಮಾಡುತ್ತಿದ್ದ ಕಸುಬು ಒಂದೇ ಸೂರಿನಡಿ ಬಂತು. ಹೊತ್ತಿಗೆ ಸರಿಯಾಗಿ ಕೆಲಸ, ಅದಕ್ಕೆ ಕೂಲಿ. ಮೇಜುಹಾಸು, ಟವಲು, ಚೌಕುಳಿ ಬಟ್ಟೆ, ಕೋಟಿನ ಬಟ್ಟೆ ಎಲ್ಲವೂ ಇಲ್ಲಿ ತಯಾರಾದವು. ಖಾಕಿ ಈ ಸಾಲಿನಲ್ಲಿ ಒಂದು ಮಾತ್ರ.

ಬಣ್ಣದ ಮೂಲ ಗೇರು ಎಂದು ಹೆಚ್ಚಿನ ಬರಹಗಳು ಹೇಳುತ್ತವೆ. ಕೆಲವು ಗೇರುಮರದ ತೊಗಟೆ ಎಂದರೆ, ಕೆಲವು ಬೀಜದ ಸಿಪ್ಪೆಯ ರಸ ಎನ್ನುತ್ತವೆ. ಅದೇ ಕುಟುಂಬಕ್ಕೆ ಸೇರಿದ ಕೇರುಮರವನ್ನು ಹೆಸರಿಸುವವರೂ ಇದ್ದಾರೆ. ಮೂರೂ ಕರಾವಳಿಗೆ ಹೊಸವಲ್ಲ. ಪೋರ್ಚುಗೀಸರೊಂದಿಗೆ ಬಂದ ಗೇರು ಅಷ್ಟರಲ್ಲಿ ಇಲ್ಲಿನ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತಿತ್ತು. ಕೇರುಬೀಜದ ಕಪ್ಪು ರಸದಿಂದ ಬಟ್ಟೆಗೆ ಗುರುತು ಹಾಕುವುದು ಮಡಿವಾಳರ ಹಳೆಯ ರೂಢಿ, ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ. ಚೊಗರು ಹೆಚ್ಚಿರುವ ತೊಗಟೆಯ ರಸ ಹತ್ತಿಗೆ ಕಂದು ಬಣ್ಣ ಕೊಡುತ್ತದೆ, ಕಬ್ಬಿಣದ ಅಂಶ ಸೇರಿದರೆ ಅದು ಬೂದಿಯತ್ತ ತಿರುಗುತ್ತದೆ. ಖಾಕಿ ಈ ಎರಡರ ನಡುವಿನ ಬಣ್ಣ. ಹೀಗಾಗಿ ಬಲ್ಮಠದಲ್ಲಿ ನಡೆದದ್ದು ಹೊಸ ಬಣ್ಣದ ಸೃಷ್ಟಿ ಎನ್ನುವುದಕ್ಕಿಂತ, ಊರಲ್ಲಿ ಸಿಗುವ ರಸವನ್ನು ಥಾನುಗಟ್ಟಲೆ ಬಟ್ಟೆಗೆ ಒಂದೇ ಸಮನಾಗಿ ಹಿಡಿಸುವ ಕ್ರಮ ಎನ್ನುವುದು ಸರಿ. ಬಣ್ಣಗಾರನ ಕಷ್ಟ ಬಲ್ಲವರಿಗೆ ಅದೂ ಸಣ್ಣ ಸಾಧನೆಯಲ್ಲ.

ಕೆನರಾ ಜಿಲ್ಲೆಯ ಪೊಲೀಸರಿಗೆ ಈ ಬಟ್ಟೆಯ ಸಮವಸ್ತ್ರ ಬಂತು ಎಂದು ಮಿಶನ್ನಿನ ಇತಿಹಾಸ ಹೇಳುತ್ತದೆ. ಬ್ರಿಟಿಷ್ ಸೇನಾನಿ ಲಾರ್ಡ್ ರಾಬರ್ಟ್ಸ್ ಬಲ್ಮಠದ ಕಾರ್ಖಾನೆಗೆ ಭೇಟಿಯಿತ್ತು, ಖಾಕಿಯನ್ನು ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದ ಎಂಬುದು ಕಥೆಯ ಮುಂದಿನ ಭಾಗ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ರಾಬರ್ಟ್ಸ್ ಮದರಾಸು ಸೈನ್ಯದ ದಂಡನಾಯಕನಾಗಿದ್ದದ್ದು 1881ರಿಂದ 1885ರವರೆಗೆ. ದಕ್ಷಿಣ ಕೆನರಾ ಮದರಾಸು ಪ್ರಾಂತ್ಯದಲ್ಲೇ ಇದ್ದುದರಿಂದ ಭೇಟಿ ಅಸಂಭವವೇನಲ್ಲ. ಆದರೆ ಅದಕ್ಕೂ ಮೊದಲೇ, 1878–80ರ ಅಫ್ಘನ್ ಯುದ್ಧದಲ್ಲಿ, ಅವನ ಸೈನಿಕರು ಖಾಕಿ ತೊಟ್ಟಿದ್ದರು. ಇನ್ನೂ ಹಿಂದೆ, ಪೇಶಾವರದಲ್ಲಿ 1846ರಲ್ಲಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆ ಮಣ್ಣಿನ ಬಣ್ಣದ ಉಡುಪಿಗೆ ಹೆಸರಾಗಿತ್ತು. 1857ರ ದಂಗೆಯಲ್ಲಿ ಹಲವು ಬ್ರಿಟಿಷ್ ಪಡೆಗಳು ತಮ್ಮ ಬಿಳಿ ಬಟ್ಟೆಗಳನ್ನು ಕೈಗೆ ಸಿಕ್ಕಿದ್ದರಲ್ಲಿ ಅದ್ದಿ ಮಾಸಲು ಮಾಡಿಕೊಂಡಿದ್ದವು. ಆದ್ದರಿಂದ ಖಾಕಿ ಸಮವಸ್ತ್ರದ ಕಲ್ಪನೆ ಮಂಗಳೂರಿನದು ಎನ್ನುವುದು ನಿಲ್ಲದ ಮಾತು. ಪಡೆಗಳು ತಮ್ಮ ಪಾಡಿಗೆ ಬಟ್ಟೆ ಅದ್ದಿಕೊಳ್ಳುತ್ತಿದ್ದ ಕಾಲದಲ್ಲಿ ನೇಯ್ಗೆಯಿಂದ ಬಣ್ಣದವರೆಗೆ ಎಲ್ಲವನ್ನೂ ಒಂದೇ ಕಡೆ ಮಾಡಿ ಖಾಕಿಯನ್ನು ಅಂಗಡಿಯ ಸರಕಾಗಿಸಿದ ಬಲ್ಮಠದ ಪಾತ್ರಕ್ಕೆ ಇದರಿಂದ ಕುಂದಿಲ್ಲ.

ಈ ಗಿಡಮೂಲದ ಬಣ್ಣಗಳ ದೌರ್ಬಲ್ಯ ಒಗೆತದಲ್ಲಿ ಬಯಲಾಗುತ್ತಿತ್ತು. ಬಿಸಿಲು, ಸಾಬೂನಿಗೆ ಒಬ್ಬೊಬ್ಬರ ಅಂಗಿ ಒಂದೊಂದು ಬಗೆಯಾಗಿ ಮಾಸಿದರೆ ಕವಾಯತಿನ ಸಾಲು ಚೆಂದ ಕಾಣುವುದಿಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಗ್ಯಾಟಿ 1884ರಲ್ಲಿ ಕ್ರೋಮಿಯಂ ಮತ್ತು ಕಬ್ಬಿಣದ ಲವಣಗಳಿಂದ ಪಕ್ಕಾ ಖಾಕಿ ಹಿಡಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಅಲ್ಲಿಂದ ಮುಂದೆ ಸೈನ್ಯದ ದೊಡ್ಡ ಬೇಡಿಕೆ ಲ್ಯಾಂಕಶೈರಿನ ಗಿರಣಿಗಳ ಪಾಲಾಯಿತು. ಕೈಮಗ್ಗದ ಕಾರ್ಖಾನೆ ಅದಕ್ಕೆ ಸರಿಸಾಟಿಯಾಗುವಂತಿರಲಿಲ್ಲ.

ಮಿಶನ್ನಿನ ಉದ್ದಿಮೆಗಳಿಗೆ ಕೊನೆಯ ಪೆಟ್ಟು ಬಿದ್ದದ್ದು ಯುದ್ಧದಿಂದ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳು ಶತ್ರುದೇಶದವರಾದರು, ಆಸ್ತಿ ಸರಕಾರದ ವಶಕ್ಕೆ ಹೋಯಿತು. 1919ರಲ್ಲಿ ಹಂಚು ಮತ್ತು ನೇಯ್ಗೆಯ ಕಾರ್ಖಾನೆಗಳನ್ನು ನಡೆಸಲು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿ ಹುಟ್ಟಿತು. ಅದರ ಕಲ್ಲಿಕೋಟೆಯ ನೇಯ್ಗೆ ಕಾರ್ಖಾನೆ 2009ರವರೆಗೂ ನಡೆಯಿತು. ಬಲ್ಮಠದಲ್ಲಿ ಈಗಿರುವುದು ಕರ್ನಾಟಕ ಥಿಯಾಲಾಜಿಕಲ್ ಕಾಲೇಜು.

ಕೆಲಸದ ಉಡುಪಾಗಿಯೇ ಉಳಿದ ಖಾಕಿಗಿಂತ ಫ್ರಾನ್ಸಿನ ಕಾರ್ಮಿಕರ ನೀಲಿ ಕೋಟಿನ ಹಾದಿ ಭಿನ್ನ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಕಾರ್ಖಾನೆ, ಹೊಲಗಳಲ್ಲಿ ಬಳಕೆಗೆ ಬಂದ ಆ ದಪ್ಪ ಹತ್ತಿಯ ಉಡುಪಿನ ಮಾಸಲು, ತೇಪೆಗಳಿಗೇ ಇಂದು ಸಂಗ್ರಾಹಕರು ಬೆಲೆ ಕೊಡುತ್ತಾರೆ. ಖಾಕಿ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಠಾಣೆ. ಹಳೆಯ ಖಾಕಿ ಅಂಗಿಯನ್ನು ಕಪಾಟಿನಲ್ಲಿ ಕಾಪಿಡುವ ಆಸೆ ಹುಟ್ಟದಿರುವುದಕ್ಕೆ ಅದೂ ಒಂದು ಕಾರಣವಿರಬಹುದು. ಪೊಲೀಸರು, ಆಟೊ ಚಾಲಕರು, ಬಸ್ಸಿನ ನಿರ್ವಾಹಕರು ಇಂದು ತೊಡುವ ಖಾಕಿ ಗಿರಣಿಯದು, ಅದರ ಬಣ್ಣ ರಾಸಾಯನಿಕದ್ದು. ಬಲ್ಮಠದ ನೇಯ್ಗೆಯಿಂದ ತುಳುನಾಡಿಗೆ ದಕ್ಕಿದ್ದು ಬೇರೆಯದೇ. ಮಿಶನ್ ರೂಢಿಗೆ ತಂದ ಚೌಕಟ್ಟಿನ ಮಗ್ಗ ‘ಮಲಬಾರ್ ಮಗ್ಗ’ವೆಂಬ ಹೆಸರಿನಲ್ಲಿ ನೇಕಾರರ ಮನೆಗಳಿಗೆ ಹಬ್ಬಿತು. ಉಡುಪಿ ಸೀರೆಯನ್ನು ನೇಯುವುದು ಅದರಲ್ಲೇ. ಕಿನ್ನಿಗೋಳಿ ಸಮೀಪದ ತಾಳಿಪಾಡಿಯ ನೇಕಾರರ ಸಂಘದಲ್ಲಿ ಆ ಮಗ್ಗಗಳು ಇಂದಿಗೂ ಕೆಲಸ ಮಾಡುತ್ತಿವೆ.