ಹಸಿಯಾಗಿ ತಿನ್ನುವ ಕಡಲಕಳೆ: ಯಾವುದನ್ನು ಆರಿಸಬೇಕು, ಎಷ್ಟು ತಿನ್ನಬೇಕು?

ರಮಝಾನ್ ಬಂತೆಂದರೆ ಕರಾವಳಿಯ ಅನೇಕ ಮನೆಗಳ ಇಫ್ತಾರ್‌ಗೆ ಚೈನಾ ಗ್ರಾಸ್ ಪುಡ್ಡಿಂಗ್ ಇರ್ತದೆ. ತಮಿಳುನಾಡಿನ ಮುಸ್ಲಿಮರು ಅದನ್ನೇ 'ಕಡಲ್ ಪಾಸಿ' ಅಂತ ಕರೆಯುತ್ತಾರೆ, ಅಂದರೆ ಕಡಲ ಪಾಚಿ. ಹೆಸರಲ್ಲಿ ಗ್ರಾಸ್ ಇದ್ದರೂ ಅದು ಹುಲ್ಲಲ್ಲ. ಕೆಂಪು ಜಾತಿಯ ಕಡಲಕಳೆಯನ್ನು ನೀರಲ್ಲಿ ಕುದಿಸಿ, ಸೋಸಿ, ಒಣಗಿಸಿ ತೆಗೆದ ಅಗರ್ ಅದು. ಹಾಗಾಗಿ ಕಡಲಕಳೆ ಈ ಊರಿನವರ ಹೊಟ್ಟೆಗೆ ಹೊಸತೇನಲ್ಲ. ಹೊಸತು ಎಂದರೆ ಅದನ್ನು ಬೇಯಿಸದೆ ತಿನ್ನುವ ಅಭ್ಯಾಸ.

ಗಲ್ಫ್‌ನಲ್ಲಿ ಕೆಲಸಕ್ಕಿರುವ ಯುವಕರು ಅಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ನೋರಿ ಹಾಳೆಯ ಪ್ಯಾಕೆಟ್ ನೋಡಿರುತ್ತಾರೆ. ಕೊರಿಯನ್ ಸೀರಿಯಲ್ ನೋಡುವ ಮಕ್ಕಳು ಅದನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ತೂಕ ಇಳಿಸಲು ಹೊರಟವರಿಗೆ 'ಹಸಿ ಆಹಾರದ ಜೊತೆ ಕಡಲಕಳೆ ತಿನ್ನಿ' ಎಂಬ ಸಲಹೆ ಮೊಬೈಲ್‌ನಲ್ಲಿ ದಿನಾ ಬರ್ತದೆ. ಆದರೆ ಕಡಲಕಳೆ ಎಂಬುದು ಒಂದೇ ವಸ್ತುವಲ್ಲ. ಒಂದು ಜಾತಿಯದ್ದನ್ನು ದಿನಕ್ಕೊಂದು ಹಾಳೆ ತಿಂದರೂ ತೊಂದರೆಯಿಲ್ಲ, ಇನ್ನೊಂದು ಜಾತಿಯದ್ದನ್ನು ಒಂದು ಗ್ರಾಂ ತಿಂದರೂ ಮಿತಿ ದಾಟ್ತದೆ, ಮತ್ತೊಂದನ್ನು ಮುಟ್ಟದಿರುವುದೇ ಒಳ್ಳೆಯದು. ಆದ್ದರಿಂದ ಜಾತಿ ಯಾವುದು, ಪ್ರಮಾಣ ಎಷ್ಟು ಎಂಬ ಎರಡು ವಿಷಯ ಮೊದಲು ತಿಳಿದಿರಬೇಕು.

ಹಸಿ ಆಹಾರ ಅಂದರೇನು?

ಸುಮಾರು 46ರಿಂದ 48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡದ ಆಹಾರವನ್ನು ಈ ಪದ್ಧತಿಯವರು 'ಹಸಿ' ಎನ್ನುತ್ತಾರೆ. ಹಣ್ಣು, ತರಕಾರಿ, ಮೊಳಕೆ ಕಾಳು, ನೆನೆಸಿದ ಬೀಜಗಳು ಇದರಲ್ಲಿ ಮುಖ್ಯ. ಬೇಯಿಸಿದರೆ ಆಹಾರದ ಕಿಣ್ವಗಳು ಸಾಯುತ್ತವೆ, ಆದ್ದರಿಂದ ಹಸಿಯೇ ಮೇಲು ಎಂಬುದು ಅವರ ವಾದ. ಆದರೆ ಆಹಾರದ ಕಿಣ್ವಗಳು ಕೂಡ ಪ್ರೋಟೀನ್‌ಗಳೇ, ಹೊಟ್ಟೆಯ ಆಮ್ಲದಲ್ಲಿ ಅವು ಹೆಚ್ಚಾಗಿ ಒಡೆದು ಹೋಗ್ತವೆ. ಜೀರ್ಣಕ್ಕೆ ಬೇಕಾದ ಕಿಣ್ವವನ್ನು ದೇಹ ತಾನೇ ತಯಾರಿಸಿಕೊಳ್ತದೆ. ಹಸಿ ತರಕಾರಿಯಿಂದ ನಾರು, ವಿಟಮಿನ್ ಸಿ ಚೆನ್ನಾಗಿ ಸಿಗುವುದು ಮಾತ್ರ ನಿಜ.

ಇಂಥ ಊಟದಲ್ಲಿ ಮೀನು, ಮೊಟ್ಟೆ, ಹಾಲು ಇಲ್ಲದಿದ್ದರೆ ಅಯೋಡಿನ್ ಕೊರತೆ ಆಗಬಹುದು. ಸಾಲದ್ದಕ್ಕೆ ಅನೇಕರು ಮಾಮೂಲಿ ಅಯೋಡಿನ್ ಉಪ್ಪು ಬಿಟ್ಟು ಗುಲಾಬಿ ಬಣ್ಣದ ಕಲ್ಲುಪ್ಪಿಗೆ ಹೋಗುತ್ತಾರೆ. ಅದರಲ್ಲಿ ಅಯೋಡಿನ್ ಬೇಕಾದಷ್ಟು ಇರುವುದಿಲ್ಲ. ಕಡಲಕಳೆಗೆ ಹಸಿ ಆಹಾರದಲ್ಲಿ ಜಾಗ ಸಿಕ್ಕಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ಪ್ಯಾಕೆಟ್‌ನಲ್ಲಿರುವುದು ನಿಜಕ್ಕೂ ಹಸಿಯೇ?

ನೋರಿ: ಕೆಂಪು ಜಾತಿಯ ಕಡಲಕಳೆ. ಜಪಾನ್, ಕೊರಿಯಾ, ಚೀನಾಗಳಲ್ಲಿ ಬಲೆಗಳ ಮೇಲೆ ಬೆಳೆಸಿ, ಕೊಚ್ಚಿ, ಕಾಗದದ ಹಾಗೆ ಹರಡಿ ಒಣಗಿಸುತ್ತಾರೆ. ಒಂದು ಹಾಳೆ ಸುಮಾರು 21 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲ, ತೂಕ ಹೆಚ್ಚೆಂದರೆ 3 ಗ್ರಾಂ. ಈ ಕೃಷಿ ಗಟ್ಟಿಯಾಗಿ ನಿಂತದ್ದು ಬ್ರಿಟನ್ನಿನ ವಿಜ್ಞಾನಿ ಕ್ಯಾಥ್ಲೀನ್ ಡ್ರೂ ಬೇಕರ್ ಅವರಿಂದ. ಈ ಕಳೆಯ ಬದುಕಿನ ಒಂದು ಹಂತ ಕಡಲ ಚಿಪ್ಪುಗಳ ಒಳಗೆ ಕಳೆಯುತ್ತದೆ ಎಂದು ಅವರು 1949ರಲ್ಲಿ ತೋರಿಸಿಕೊಟ್ಟರು. ಜಪಾನಿನ ನೋರಿ ಬೆಳೆಗಾರರು 1963ರಲ್ಲಿ ಅವರ ಸ್ಮಾರಕ ಕಟ್ಟಿದರು. ಅಂಗಡಿಯಲ್ಲಿ ಸಿಗುವ ಹಸಿರು ಬಣ್ಣದ ಗರಿಗರಿ ನೋರಿ ಹುರಿದದ್ದು, ಹಸಿ ಅಲ್ಲ. ಹುರಿಯದ ನೋರಿ ಕಪ್ಪು ನೇರಳೆ ಬಣ್ಣದಲ್ಲಿರ್ತದೆ, ಪ್ಯಾಕೆಟ್ ಮೇಲೆ ಹುರಿದಿಲ್ಲ ಎಂದು ಬರೆದಿರ್ತದೆ.

ಡಲ್ಸ್: ಇದೂ ಕೆಂಪು ಜಾತಿ. ಐರ್ಲೆಂಡ್ ಮತ್ತು ಕೆನಡಾದ ಗ್ರ್ಯಾಂಡ್ ಮನಾನ್ ದ್ವೀಪದವರು ಇದನ್ನು ಬಿಸಿಲಲ್ಲಿ ಒಣಗಿಸಿ, ಕಡಲೆಕಾಯಿ ಮೆಲ್ಲುವ ಹಾಗೆ ಹಾಗೆಯೇ ಮೆಲ್ಲುತ್ತಾರೆ. ಹಸಿ ಆಹಾರದವರಿಗೆ ಸರಿಹೊಂದುವ ಕಡಲಕಳೆ.

ವಾಕಾಮೆ: ಕಂದು ಜಾತಿ. ನೀರಲ್ಲಿ ಹಾಕಿದರೆ ಕೆಲವೇ ನಿಮಿಷದಲ್ಲಿ ಹಲವು ಪಟ್ಟು ಉಬ್ಬುತ್ತದೆ. ಉಪ್ಪು ಹಾಕಿ ಮಾರುವ ವಾಕಾಮೆಯನ್ನು ಸಾಮಾನ್ಯವಾಗಿ ಬಿಸಿನೀರಲ್ಲಿ ಅದ್ದಿ ತೆಗೆದಿರುತ್ತಾರೆ.

ಕೊಂಬು: ಇದೂ ಕಂದು ಜಾತಿ, ದಪ್ಪ ಪಟ್ಟಿಯ ಹಾಗಿರ್ತದೆ. ಜಪಾನಿನಲ್ಲಿ ಸಾರಿನ ರುಚಿಗೆ ಬಳಸುತ್ತಾರೆ. 1908ರಲ್ಲಿ ಕಿಕುನೆ ಇಕೆಡಾ ಎಂಬ ವಿಜ್ಞಾನಿ ಕೊಂಬು ಸಾರಿನಿಂದಲೇ ಗ್ಲುಟಮೇಟ್ ಎಂಬ ರುಚಿವಸ್ತುವನ್ನು ಬೇರ್ಪಡಿಸಿದರು. ಬಿಸಿಲಲ್ಲಿ ಒಣಗಿಸಿದ್ದಾದ ಕಾರಣ 'ಹಸಿ' ಎಂದು ಮಾರಾಟ ಆಗ್ತದೆ. ಹೆಚ್ಚು ಎಚ್ಚರ ಬೇಕಾದ್ದು ಇದರ ಬಗ್ಗೆಯೇ.

ಹಿಜಿಕಿ: ಕಪ್ಪು ಎಳೆಗಳ ಹಾಗಿರುವ ಕಡಲಕಳೆ. ಇದನ್ನು ಬೇಯಿಸಿ ಒಣಗಿಸಿ ಮಾರುತ್ತಾರೆ. ಇದರಲ್ಲಿ ವಿಷಕಾರಿ ರೂಪದ ಆರ್ಸೆನಿಕ್ ಹೆಚ್ಚಿರುವುದರಿಂದ ಕೆನಡಾ 2001ರಲ್ಲಿ, ಬ್ರಿಟನ್ 2004ರಲ್ಲಿ ಜನರಿಗೆ ತಿನ್ನಬೇಡಿ ಎಂದು ಸೂಚನೆ ಕೊಟ್ಟಿವೆ. ಪಟ್ಟಿಯಿಂದ ಬಿಟ್ಟುಬಿಡುವುದೇ ಸರಿ.

ಅಯೋಡಿನ್ ಲೆಕ್ಕ

ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಗರ್ಭಿಣಿಯರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 250. ಮೀರಬಾರದ ಮಿತಿ ಯುರೋಪಿನಲ್ಲಿ 600, ಅಮೆರಿಕದಲ್ಲಿ 1,100 ಮೈಕ್ರೋಗ್ರಾಂ.

ಈಗ ಮನೆಯ ಲೆಕ್ಕ ನೋಡೋಣ. ಭಾರತದಲ್ಲಿ ಗ್ರಾಹಕರ ಕೈ ಸೇರುವ ಉಪ್ಪಿನ ಪ್ರತಿ ಗ್ರಾಂನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ದಿನಕ್ಕೆ 5 ಗ್ರಾಂ ಉಪ್ಪು ತಿಂದರೆ 75 ಆಯಿತು. ಉಳಿದದ್ದು ಬೂತಾಯಿ, ಬಂಗುಡೆಯಂಥ ಕಡಲ ಮೀನು, ಹಾಲು, ಮೊಟ್ಟೆಗಳಿಂದ ಬರ್ತದೆ. ಅಂದರೆ ಅಯೋಡಿನ್ ಉಪ್ಪು ಬಳಸಿ ಮೀನು ತಿನ್ನುವ ಮನೆಯವರು ಅಯೋಡಿನ್‌ಗಾಗಿ ಕಡಲಕಳೆ ತರಿಸುವ ಅಗತ್ಯವಿಲ್ಲ. ರುಚಿಗಾಗಿ ತಿನ್ನುವುದಾದರೆ ಅದು ಬೇರೆ ವಿಷಯ.

ನೋರಿಯಲ್ಲಿ ಒಂದು ಗ್ರಾಂಗೆ ಸುಮಾರು 16ರಿಂದ 43 ಮೈಕ್ರೋಗ್ರಾಂ ಅಯೋಡಿನ್ ಇರ್ತದೆ. ಒಂದು ಹಾಳೆಗೆ ಅಂದಾಜು 50ರಿಂದ 130. ಡಲ್ಸ್, ವಾಕಾಮೆಗಳಲ್ಲಿ ಇದಕ್ಕಿಂತ ಹೆಚ್ಚು. ಒಣ ಕೊಂಬುವಿನಲ್ಲಿ ಒಂದು ಗ್ರಾಂಗೇ 1,000, 2,000 ಮೈಕ್ರೋಗ್ರಾಂ ದಾಟುವುದುಂಟು. ಬೆರಳಷ್ಟು ತುಂಡು ತಿಂದರೆ ಹತ್ತು ದಿನದ್ದು ಒಟ್ಟಿಗೆ ಒಳಗೆ ಹೋದ ಹಾಗೆ.

ಜಪಾನಿನವರು ಕೊಂಬು ತಿನ್ನುವುದಿಲ್ಲವೇ ಎಂದು ಕೇಳಬಹುದು. ಅವರು ಹೆಚ್ಚಾಗಿ ಬೇಯಿಸಿ ಬಳಸುತ್ತಾರೆ. ಕುದಿಸಿದಾಗ ಕೊಂಬುವಿನ ಅಯೋಡಿನ್‌ನ ಹೆಚ್ಚಿನ ಪಾಲು ನೀರಿಗೆ ಇಳಿಯುತ್ತದೆ. ಹಸಿಯಾಗಿ ತಿನ್ನುವವರಿಗೆ ಆ ಅವಕಾಶವೇ ಇಲ್ಲ, ಇದ್ದದ್ದೆಲ್ಲ ಹೊಟ್ಟೆಗೇ. ಜಪಾನಿನಲ್ಲೂ ತೊಂದರೆ ಆಗದೆ ಇಲ್ಲ. ಕೊಂಬು ವಿಪರೀತ ತಿನ್ನುತ್ತಿದ್ದ ಹೊಕ್ಕೈಡೋ ಕರಾವಳಿಯ ಜನರಲ್ಲಿ ಕುತ್ತಿಗೆ ಊತ, ಅಂದರೆ ಗಾಯಿಟರ್, ಕಂಡುಬಂದದ್ದು 1960ರ ದಶಕದಲ್ಲೇ ವರದಿಯಾಗಿತ್ತು. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಕೊಂಬು ಸೇರಿಸಿದ ಸೋಯಾ ಹಾಲು ಕುಡಿದವರಿಗೆ ಥೈರಾಯ್ಡ್ ತೊಂದರೆಯಾಗಿ, ಆ ಹಾಲನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸಲಾಯಿತು. ಅಯೋಡಿನ್ ಕಡಿಮೆಯಾದರೂ ಥೈರಾಯ್ಡ್ ಕೆಡ್ತದೆ, ಹೆಚ್ಚಾದರೂ ಕೆಡ್ತದೆ.

ಯಾರು ಎಚ್ಚರ ವಹಿಸಬೇಕು?

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಎದೆಹಾಲು ಕೊಡುವ ತಾಯಂದಿರು ಡಾಕ್ಟರ್ ಹತ್ತಿರ ಕೇಳದೆ ಕಡಲಕಳೆ ಶುರು ಮಾಡಬಾರದು. ರಕ್ತ ತೆಳುವಾಗಲು ವಾರ್ಫರಿನ್ ತಿನ್ನುವವರಿಗೆ ಕಡಲಕಳೆಯ ವಿಟಮಿನ್ ಕೆ ಅಡ್ಡ ಬರ್ತದೆ. ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಸಿಯಂ, ಬಿಪಿ ಇರುವವರಿಗೆ ಉಪ್ಪಿನಂಶ ಸಮಸ್ಯೆ. ಸಣ್ಣ ಮಕ್ಕಳಿಗೆ ಕೊಂಬು ಕೊಡಲೇಬಾರದು.

ನೋರಿಯಲ್ಲಿ ಮೂರನೇ ಒಂದು ಪಾಲು ಪ್ರೋಟೀನ್ ಉಂಟು ಎಂಬ ಜಾಹೀರಾತು ಸುಳ್ಳಲ್ಲ. ಆದರೆ ಹಾಳೆಯೇ 3 ಗ್ರಾಂ, ಅದರಲ್ಲಿ ಪ್ರೋಟೀನ್ ಒಂದು ಗ್ರಾಂ ಅಷ್ಟೇ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉಂಟು. ನೋರಿಯಲ್ಲಿ ಬಿ12 ಇರುವುದೂ ಹೌದು, ಆದರೆ ಮೀನು, ಮಾಂಸ, ಹಾಲು ಎಲ್ಲ ಬಿಟ್ಟವರು ಅದೊಂದನ್ನೇ ನಂಬಿ ಕೂರಬಾರದು.

ಹತ್ತಿರದ ಕಡಲಿನ ಪಾಚಿ ಕಿತ್ತು ತಿನ್ನಬಹುದೇ?

ಮಳೆಗಾಲ ಮುಗಿದ ಮೇಲೆ ಬೇಕಲ, ಸೋಮೇಶ್ವರ ಕಡೆಯ ಬಂಡೆಗಳಲ್ಲಿ ಹಸಿರು ಪಾಚಿ ಕಾಣಿಸುತ್ತದೆ. ಜಾತಿ ಗೊತ್ತಿಲ್ಲದೆ ಅದನ್ನು ಕಿತ್ತು ತಿನ್ನುವುದು ಬೇಡ. ಕಡಲಕಳೆ ಸುತ್ತಲಿನ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳನ್ನೂ ಹೀರಿಕೊಳ್ತದೆ. ಬಂದರು, ಅಳಿವೆ, ಚರಂಡಿ ಸೇರುವ ಜಾಗದ್ದು ಖಂಡಿತ ಬೇಡ.

ಇನ್ನೊಂದು ಕಾರಣವೂ ಉಂಟು. 1991ರಲ್ಲಿ ಪೆಸಿಫಿಕ್‌ನ ಗುವಾಮ್ ದ್ವೀಪದಲ್ಲಿ ಗ್ರಾಸಿಲೇರಿಯಾ ಎಂಬ ಕೆಂಪು ಕಡಲಕಳೆ ತಿಂದ 13 ಜನ ಅಸ್ವಸ್ಥರಾಗಿ, 3 ಮಂದಿ ತೀರಿಕೊಂಡರು. ಅದು ಅಲ್ಲಿನವರು ತಿನ್ನುತ್ತಿದ್ದ ಕಳೆಯೇ. ಜಪಾನಿನಲ್ಲಿ ಇದೇ ಬಳಗದ ಓಗೊನೋರಿಯನ್ನು ಸುಣ್ಣದ ನೀರಿನಲ್ಲಿ ಸಂಸ್ಕರಿಸಿಯೇ ತಿನ್ನುತ್ತಾರೆ, ಹಸಿಯಾಗಿ ತಿಂದು ಸತ್ತವರಿದ್ದಾರೆ.

ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲಿ ಮೀನುಗಾರ ಮಹಿಳೆಯರು ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ಕಡಲಕಳೆ ಕೀಳುತ್ತಾರೆ. ಅಲ್ಲಿ ತೆಪ್ಪ ಕಟ್ಟಿ ಕಪ್ಪಾಫೈಕಸ್ ಎಂಬ ಜಾತಿಯನ್ನು ಬೆಳೆಸುವುದೂ ಉಂಟು. ಇವು ಹೆಚ್ಚಾಗಿ ಅಗರ್, ಆಲ್ಜಿನೇಟ್, ಕ್ಯಾರಜಿನನ್ ತೆಗೆಯುವ ಕಾರ್ಖಾನೆಗಳಿಗೆ ಹೋಗ್ತವೆ. ಭಾರತದ ಕಡಲಕಳೆ ಎಂದ ಮಾತ್ರಕ್ಕೆ ಹಾಗೆಯೇ ತಿನ್ನಲು ತಯಾರಾದದ್ದು ಎಂದು ತಿಳಿಯಬಾರದು.

ಹಲಾಲ್ ಮತ್ತು ಲೇಬಲ್

ಕಡಲಕಳೆ ಹಲಾಲ್, ಅದರಲ್ಲಿ ಗೊಂದಲ ಇಲ್ಲ. ದೇಹಕ್ಕೆ ಹಾನಿ ಮಾಡುವಂಥದ್ದು ಮಾತ್ರ ಸಲ್ಲದು. ನೋಡಬೇಕಾದ್ದು ಅದಕ್ಕೆ ಸೇರಿಸಿದ ವಸ್ತುಗಳನ್ನು. ಸಾದಾ ನೋರಿಯಲ್ಲಿ ಕಡಲಕಳೆ ಬಿಟ್ಟು ಬೇರೇನೂ ಇರುವುದಿಲ್ಲ. ರುಚಿ ಹಾಕಿದ ನೋರಿ ಸ್ನ್ಯಾಕ್‌ಗಳಲ್ಲಿ ಮಿರಿನ್, ಸಾಕೆ ಎಂಬ ಹೆಸರು ಕಂಡರೆ ಬಿಡಿ, ಮಿರಿನ್ ಅಡುಗೆಗೆ ಬಳಸುವ ಅಕ್ಕಿಯ ಮದ್ಯ, ಸಾಕೆ ಅಕ್ಕಿಯಿಂದ ತಯಾರಿಸುವ ಮದ್ಯ. ಹಂದಿಮಾಂಸದ ಪರಿಮಳ ಹಾಕಿದ ಸ್ನ್ಯಾಕ್‌ಗಳೂ ಇವೆ. ಸೋಯಾ ಸಾಸ್ ಬಗ್ಗೆ ಸಂಶಯ ಬಂದರೆ ಹಲಾಲ್ ಮುದ್ರೆ ನೋಡಿ, ಇಲ್ಲದಿದ್ದರೆ ಊರಿನ ಉಸ್ತಾದರಲ್ಲಿ ಕೇಳಿ. ಆನ್‌ಲೈನ್‌ನಲ್ಲಿ ತರಿಸುವಾಗ ಪ್ಯಾಕೆಟ್‌ನ ಹಿಂಬದಿಯ ಫೋಟೋ ಇಲ್ಲದ ಸರಕು ಬೇಡ. ಎಫ್ಎಸ್ಎಸ್ಎಐ ಲೈಸೆನ್ಸ್ ನಂಬರ್, ಆಮದು ಮಾಡಿದವರ ವಿಳಾಸ, ಕಡಲಕಳೆಯ ಜಾತಿ, ಬೆಳೆದ ದೇಶ, ಎಕ್ಸ್‌ಪೈರಿ ಡೇಟ್ ಎಲ್ಲ ಇರಲಿ.

ಕೊಳ್ಳುವಾಗ, ಇಡುವಾಗ

ಪ್ಯಾಕೆಟ್ ದೊಡ್ಡದಿದ್ದರೂ ಹತ್ತು ಹಾಳೆಯ ತೂಕ 25ರಿಂದ 30 ಗ್ರಾಂ ಮಾತ್ರ. ಬೆಲೆಯನ್ನು ಗ್ರಾಂ ಲೆಕ್ಕದಲ್ಲಿ ಹೋಲಿಸಿ. ಒಳ್ಳೆಯ ನೋರಿ ಹೊಳಪಾಗಿ, ಒಂದೇ ದಪ್ಪದಲ್ಲಿ, ತೂತಿಲ್ಲದೆ ಇರ್ತದೆ. ತೇವ ತಾಗಿದ ಹಳೆಯ ನೋರಿ ಮೆತ್ತಗಾಗಿ ಕೆಂಪು ನೇರಳೆಗೆ ತಿರುಗುತ್ತದೆ. ಕೊಂಬುವಿನ ಮೇಲಿನ ಬಿಳಿ ಪುಡಿ ಬೂಸ್ಟು ಅಲ್ಲ, ಅದು ಅದರದ್ದೇ ಸತ್ವ. ಆದರೆ ಹತ್ತಿಯ ಹಾಗೆ ರೋಮ ಬಂದು ಮುಗ್ಗಲು ವಾಸನೆ ಇದ್ದರೆ ಬಿಸಾಡಿ.

ಕರಾವಳಿಯ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ನೋರಿಯ ಗತಿ ಹೇಳುವುದೇ ಬೇಡ. ಒಡೆದ ಪ್ಯಾಕೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ, ಜೊತೆಗೆ ಬಂದ ತೇವ ಹೀರುವ ಚೀಲದೊಂದಿಗೇ ಇಡಬೇಕು. ಒದ್ದೆ ಕೈ ಹಾಕಬಾರದು. ಒಣಗಿದ ಮೇಲೆ ರೋಗಾಣು ಇರುವುದಿಲ್ಲ ಎಂಬುದು ತಪ್ಪು. 2017ರಲ್ಲಿ ಟೋಕಿಯೊ ಬಳಿಯ ತಚಿಕಾವಾದಲ್ಲಿ ಶಾಲೆಯ ಊಟಕ್ಕೆ ಹಾಕಿದ ನೋರಿ ಚೂರಿನಿಂದ ಸಾವಿರಕ್ಕೂ ಹೆಚ್ಚು ಜನರಿಗೆ ನೋರೋ ವೈರಸ್ ತಗಲಿತ್ತು.

ತಿನ್ನುವ ಕ್ರಮ

ಹುರಿಯದ ನೋರಿ ಹಾಳೆಯಲ್ಲಿ ಮುಳ್ಳುಸೌತೆ, ಕ್ಯಾರೆಟ್, ಮೊಳಕೆ ಹೆಸರು, ತೆಂಗಿನ ತುರಿ ಇಟ್ಟು, ಲಿಂಬೆ ಹಿಂಡಿ, ಸುರುಳಿ ಸುತ್ತಿ ಕೂಡಲೇ ತಿನ್ನಬೇಕು. ತಡವಾದರೆ ಅಂಟುತ್ತದೆ. ಡಲ್ಸ್ ಅನ್ನು ಕತ್ತರಿಯಲ್ಲಿ ಚೂರು ಮಾಡಿ ಕೋಸಂಬರಿಗೆ ಹಾಕಬಹುದು, ಆಗ ಉಪ್ಪು ಬೇಡ. ಒಣ ವಾಕಾಮೆ ಒಬ್ಬರಿಗೆ ಒಂದು ಚಿಟಿಕೆ ಸಾಕು. ಹತ್ತು ನಿಮಿಷ ನೆನೆಸಿ, ಆ ನೀರು ಚೆಲ್ಲಿ, ಮಾವಿನಕಾಯಿ ಚೂರಿನೊಂದಿಗೆ ಬೆರೆಸಿ. ಕೊಂಬು ನೆನೆಸಿದ ನೀರು ಕುಡಿದರೆ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತು ನಂಬಬೇಡಿ, ಅಯೋಡಿನ್ ಇಳಿದಿರುವುದು ಆ ನೀರಿಗೇ. ಕೊಂಬು ಪುಡಿಯ ಮಾತ್ರೆಗಳೂ ಹಾಗೆಯೇ.

ಹೊಸಬರು ವಾರಕ್ಕೆ ಎರಡು ಮೂರು ನೋರಿ ಹಾಳೆಯಿಂದ ಶುರು ಮಾಡುವುದು ಒಳ್ಳೆಯದು. ಮೊದಮೊದಲು ಹೊಟ್ಟೆ ಉಬ್ಬರಿಸಬಹುದು, ಕಡಲಕಳೆಯ ನಾರು ಎಲ್ಲರಿಗೂ ಸುಲಭಕ್ಕೆ ಜೀರ್ಣ ಆಗುವುದಿಲ್ಲ. ನೋರಿಯ ನಾರು ಒಡೆಯುವ ವಂಶವಾಹಿ ಜಪಾನಿಯರ ಕರುಳಿನ ಬ್ಯಾಕ್ಟೀರಿಯಾದಲ್ಲಿ ಇರುವುದನ್ನು 2010ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಕಡಲ ಬ್ಯಾಕ್ಟೀರಿಯಾದಿಂದ ಅದು ದಾಟಿ ಬಂದದ್ದು, ನೋರಿಯನ್ನು ತಲೆತಲಾಂತರದಿಂದ ತಿಂದದ್ದೇ ಅದಕ್ಕೆ ದಾರಿಯಾಗಿರಬೇಕು ಎಂಬುದು ಅವರ ವಿವರಣೆ.

ಕತ್ತಿನಲ್ಲಿ ಊತ, ಎದೆಬಡಿತ ಜಾಸ್ತಿ, ಕಾರಣವಿಲ್ಲದೆ ಸುಸ್ತು, ತೂಕದಲ್ಲಿ ಏರುಪೇರು ಕಂಡರೆ ಕಡಲಕಳೆ ನಿಲ್ಲಿಸಿ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಏನು, ಎಷ್ಟು ದಿನದಿಂದ ತಿನ್ನುತ್ತಿದ್ದೀರಿ ಎಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು, ಸಾಧ್ಯವಾದರೆ ಪ್ಯಾಕೆಟ್ಟನ್ನೇ ಕೊಂಡುಹೋಗಿ ತೋರಿಸಬೇಕು.