ವಿಜಾಪುರ ಸೀಮೆಯ ಮನೆಗಳ ಎತ್ತರ

ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಈ ಸೀಮೆಯಲ್ಲಿ ಹೊಸ ಮನೆ ಕಟ್ಟಿಸತೊಡಗಿದ ಗೃಹಸ್ಥನಿಗೂ ಗೌಂಡಿಗೂ ನಡುವೆ ನಡೆಯುವ ಚರ್ಚೆಗಳಲ್ಲಿ ಒಂದು ಎಂದೂ ತಪ್ಪದು. ಗೋಡೆಯನ್ನು ಹತ್ತು ಅಡಿಗೆ ನಿಲ್ಲಿಸಬೇಕೋ, ಹನ್ನೊಂದಕ್ಕೋ, ಹನ್ನೆರಡಕ್ಕೋ? ಎತ್ತರವಾದಷ್ಟೂ ತಂಪು ಹೆಚ್ಚು ಎಂಬುದು ಜನರ ನಂಬಿಕೆ. ಬೇಸಗೆಯ ಬಿಸಿಲು ನಾಲ್ವತ್ತು ಅಂಶಗಳನ್ನು ದಾಟುವ ನಾಡಿನಲ್ಲಿ ಅಂಥ ನಂಬಿಕೆ ಸಹಜವೇ ಸರಿ. ಆದರೆ ಇದೇ ಊರುಗಳ ಹಳೆಯ ಮನೆಗಳನ್ನು ಹೊಕ್ಕು ನೋಡಿದವರಿಗೆ ಬೇರೊಂದು ಸಂಗತಿ ಕಾಣುವದು. ಅಲ್ಲಿ ಬಾಗಿಲಲ್ಲಿ ತಲೆ ತಗ್ಗಿಸದೆ ನಡೆಯುವಂತಿಲ್ಲ. ಎತ್ತರದ ಆಳು ಕೈಯೆತ್ತಿದರೆ ಜಂತಿ ಬೆರಳಿಗೆ ತಾಕುವದು. ಆದರೂ ಉರಿಬಿಸಿಲಿನ ಮಧ್ಯಾಹ್ನದಲ್ಲಿ ಒಳಗೆ ಕಾಲಿಟ್ಟೊಡನೆ ಮೈಗೆ ಹಿತವೆನಿಸುವದು. ಎತ್ತರವೊಂದೇ ತಂಪಿಗೆ ಕಾರಣವಾಗಿದ್ದರೆ ಈ ತಗ್ಗು ಮನೆಗಳು ಕುಲುಮೆಗಳಾಗಬೇಕಾಗಿತ್ತು. ಈ ವೈಪರೀತ್ಯದ ಮೂಲವೇನು, ಎತ್ತರದ ಹಂಬಲ ಈ ಕಡೆಯ ಜನರಿಗೆ ಎಲ್ಲಿಂದ ಬಂದಿತು ಎಂಬುದು ವಿಚಾರಿಸತಕ್ಕ ವಿಷಯ.

ಸಾಮಾನ್ಯ ಜನರ ಮನೆಗಳ ಇತಿಹಾಸವನ್ನು ಬರೆಯುವದು ಸುಲಭವಲ್ಲ. ಗುಡಿಗಳು ಕಲ್ಲಿನವು, ಅವು ಉಳಿದವು. ಮನೆಗಳು ಮಣ್ಣಿನವು, ಅವು ಮಣ್ಣುಗೂಡಿದವು. ಇಂಡಿ ತಾಲೂಕಿನ ಸಾಲೋಟಗಿಯ ಕ್ರಿ. ಶ. 945ರ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನು ವರ್ಣಿಸಿ, ನಾನಾ ದೇಶಗಳಿಂದ ಅಲ್ಲಿಗೆ ಬಂದ ವಿದ್ಯಾರ್ಥಿಗಳ ವಾಸಕ್ಕೆ ಸಲ್ಲುವ 27 ಮನೆಗಳನ್ನು ಹೇಳುತ್ತದೆ. ಶಾಸನ ಇಂದಿಗೂ ಓದಲು ಸಿಕ್ಕುವದು. ಆ ಮನೆಗಳ ಒಂದು ಜಂತಿಯೂ ಸಿಕ್ಕದು. ಆದುದರಿಂದ ಕಟ್ಟುವ ಪದ್ಧತಿಯನ್ನೂ ಶಾಸ್ತ್ರಗ್ರಂಥಗಳ ಮಾತನ್ನೂ ಹಿಡಿದೇ ಹಿಂದಕ್ಕೆ ಹೋಗಬೇಕಾಗುವದು.

ಶಾಸ್ತ್ರದ ಮಾತು ಆಶ್ಚರ್ಯಕರವಾಗಿದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮನೆಯ ಎತ್ತರಕ್ಕೆ ಒಂದು ಲೆಕ್ಕ ಕೊಟ್ಟಿದ್ದಾನೆ. ಅಗಲದ ಹದಿನಾರನೆಯ ಒಂದು ಪಾಲಿಗೆ ನಾಲ್ಕು ಮೊಳ ಕೂಡಿಸಿದರೆ ಮೊದಲ ನೆಲೆಯ ಎತ್ತರ. ಮೇಲಿನ ಒಂದೊಂದು ನೆಲೆಗೂ ಹನ್ನೆರಡರಲ್ಲೊಂದು ಪಾಲು ಕಡಿಮೆ. ಮೊಳವೆಂದರೆ ಒಂದೂವರೆ ಅಡಿಯೆಂದು ಹಿಡಿದರೆ, 16 ಮೊಳ ಅಗಲದ ಮನೆಗೆ 5 ಮೊಳ, ಅಂದರೆ ಏಳೂವರೆ ಅಡಿ ಎತ್ತರವಾಗುವದು. ಅಗಲವನ್ನು ಇಮ್ಮಡಿಸಿ 32 ಮೊಳ ಮಾಡಿದರೂ ಎತ್ತರಕ್ಕೆ ಒಂದೇ ಮೊಳ ಕೂಡಿ 9 ಅಡಿಗೆ ನಿಲ್ಲುವದು. ಸಿರಿವಂತನು ಅಗಲವಾಗಿ ಬೆಳೆಯಬಹುದು, ಮೇಲಕ್ಕೆ ಬೆಳೆಯಲಾಗದು ಎಂಬಂತಿದೆ ಈ ಲೆಕ್ಕ. ಈ ಕಡೆಯ ಮನೆಗಳಿಗೆ ನೋಡುವ ಆಯವೂ ಉದ್ದ-ಅಗಲಗಳನ್ನು ಗುಣಿಸಿಯೇ ಬರುವಂಥದು. ಧ್ವಜಾಯವೋ ಗಜಾಯವೋ ಎಂದು ಬೆರಳೆಡೆಯಷ್ಟು ಅಂತರಕ್ಕೂ ಚರ್ಚಿಸುವ ಹಿರಿಯರು ಎತ್ತರವನ್ನು ಬಡಿಗನಿಗೆ ಬಿಟ್ಟುಬಿಡುತ್ತಿದ್ದರು.

ಬಡಿಗನಾದರೂ ಅದನ್ನು ತನ್ನ ಮನಸ್ಸಿನಂತೆ ಗೊತ್ತುಮಾಡುವಂತಿರಲಿಲ್ಲ. ಡೋಣಿಯ ದಂಡೆಯ ಎರೆಭೂಮಿ ಜೋಳಕ್ಕೆ ಹೆಸರಾದುದು, ಮರಕ್ಕಲ್ಲ. ಬೇವು, ಜಾಲಿಗಳ ಹೊರತು ಕೈಗೆ ಎಟಕುವ ಮರಗಳು ಕಡಿಮೆ. ಅವೂ ಉದ್ದವಾಗಿ ನೆಟ್ಟಗೆ ಬೆಳೆಯುವವಲ್ಲ. ಕಂಬದ ಉದ್ದವೇ ಮನೆಯ ಎತ್ತರವಾಯಿತು, ಜಂತಿಯ ಉದ್ದವೇ ಅಂಕಣದ ಅಗಲವಾಯಿತು. ಮನೆಯನ್ನು ಇಂತಿಷ್ಟು ಅಂಕಣದ್ದೆಂದು ಎಣಿಸುವ ರೂಢಿ ಹುಟ್ಟಿದ್ದು ಇದರಿಂದಲೇ. ಇನ್ನು ನೆಲದ ಗುಣ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಎರೆಯ ಮೇಲೆ ಗೋಡೆ ಎತ್ತರವಾದಷ್ಟೂ ಅದು ವಾಲುವ ಭಯ ಹೆಚ್ಚು.

ಇವೆಲ್ಲಕ್ಕೂ ಮಿಗಿಲಾದುದು ಮಾಳಿಗೆಯ ಭಾರ. ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿಗಳು. ಅವುಗಳ ಮೇಲೆ ಸೀಳಿದ ಕಟ್ಟಿಗೆ, ಬೇವಿನ ತಪ್ಪಲು, ತೊಗರಿಯ ಇಲ್ಲವೆ ಹತ್ತಿಯ ಕಟ್ಟಿಗೆ. ಆಮೇಲೆ ಕಲಸಿದ ಮಣ್ಣು. ಎಲ್ಲಕ್ಕೂ ಮೇಲೆ ಕರಲು. ಈ ಕರಲಿನಲ್ಲಿ ಹುಲ್ಲು ಸುಲಭವಾಗಿ ಮೊಳೆಯದು. ನೀರು ಬಿದ್ದೊಡನೆ ಅದು ಬಿಗಿದುಕೊಂಡು ಹನಿಯನ್ನು ಕೆಳಗೆ ಇಳಿಯಗೊಡದು. ಆದರೆ ಗಾಳಿಮಳೆಗಳಿಗೆ ಸವೆಯುವದಾದ್ದರಿಂದ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಏರಿಸಲೇಬೇಕು. ಹಳೆಯದನ್ನು ಕೆದರಿ ತೆಗೆದು ಹಾಕುವ ತಾಳ್ಮೆ ಎಲ್ಲರಿಗೂ ಇರದು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಮಾಳಿಗೆ ದಪ್ಪವಾಗುತ್ತ ಹೋಗುವದು. ಅಜ್ಜ ಗೇಣುದಪ್ಪ ಹಾಕಿದ ಮಣ್ಣು ಮೊಮ್ಮಗನ ಕಾಲಕ್ಕೆ ಮೊಳದಷ್ಟಾದರೆ ಸೋಜಿಗವಲ್ಲ.

ಮನೆಯ ತಂಪಿನ ಗುಟ್ಟು ಇರುವದು ಈ ದಪ್ಪದಲ್ಲಿ. ಮಧ್ಯಾಹ್ನದ ಬಿಸಿಲು ಒಂದೂವರೆ ಅಡಿಯ ಮಣ್ಣನ್ನು ದಾಟಿ ಒಳಗೆ ಇಳಿಯಲು ಹಲವು ತಾಸು ಬೇಕು. ಅದು ಒಳಗೆ ಬರುವ ಹೊತ್ತಿಗೆ ಮನೆಯವರು ಊಟ ಮುಗಿಸಿ, ಹಾಸಿಗೆ ಹೊತ್ತು, ಮಾಳಿಗೆಯ ಮೇಲೆ ಕುಂಬಿಯ ಮಗ್ಗುಲಲ್ಲಿ ಮಲಗಿರುವರು. ಹಗಲು ಮಾಳಿಗೆಯ ಕೆಳಗೆ, ಇರುಳು ಮಾಳಿಗೆಯ ಮೇಲೆ. ಬಿಸಿಲನ್ನು ಗೆಲ್ಲುವದಕ್ಕೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ತಗ್ಗಿನಲ್ಲಿ ಅನುಕೂಲವೂ ಇತ್ತು. ತೊಟ್ಟಿಲು ತೂಗಿದ್ದು ಜಂತಿಗೆ. ಹಾಲು-ಮೊಸರಿನ ಗಡಿಗೆಗಳ ನೆಲವು ಇಳಿಬಿದ್ದದ್ದು ಜಂತಿಯಿಂದ. ಬೆಕ್ಕಿಗೆ ಎಟಕದಂತೆ, ಮನೆಯ ಹೆಣ್ಣುಮಗಳ ಕೈಗೆ ಎಟಕುವಂತೆ ನೆಲವು ಇರಬೇಕಷ್ಟೆ. ಬೀಜಕ್ಕೆಂದು ಕಾದಿಟ್ಟ ತೆನೆಗಳೂ ಅಲ್ಲಿಯೇ. ಒಲೆಯ ಹೊಗೆಗೆ ಮಾತ್ರ ತಗ್ಗು ಮಾಳಿಗೆ ಒಳ್ಳೆಯದಲ್ಲ. ಬೆಳಕಿಂಡಿ ಅದಕ್ಕೆ ಅರೆ ಪರಿಹಾರವೇ ಹೊರತು ಪೂರ್ಣವಲ್ಲ. ತಂಪನ್ನು ಹೊಗಳುವವರು ಅಡಿಗೆಮನೆಯ ಕಪ್ಪು ಜಂತಿಗಳನ್ನೂ, ಅವುಗಳ ಕೆಳಗೆ ಕಣ್ಣೊರಸಿಕೊಳ್ಳುತ್ತ ರೊಟ್ಟಿ ಬಡಿದವರನ್ನೂ ಮರೆಯಬಾರದು.

ಇಂಥ ತಗ್ಗು ಮನೆಗಳ ನಡುವೆ ಎತ್ತರವನ್ನು ಜನರ ಕಣ್ಣಿಗೆ ತಂದವರು ಆದಿಲಶಾಹಿಗಳು. 1561ರಲ್ಲಿ ಒಂದನೆಯ ಅಲಿಯ ಕಾಲಕ್ಕೆ ಎದ್ದ ಗಗನಮಹಲಿನ ನಡುಕಮಾನು ಸುಮಾರು 60 ಅಡಿ ಅಗಲವಾದದ್ದು. ಅಸಾರ ಮಹಲಿನ ಮುಂಗಡೆಯಲ್ಲಿ ಭಾರಿ ಮರದ ಕಂಬಗಳು ಕಟ್ಟಡದ ಪೂರ್ಣ ಎತ್ತರಕ್ಕೆ ಏರಿವೆ. ಮಹಮ್ಮದನ ಗೋಲಗುಮ್ಮಟದಲ್ಲಿಯೋ 18,000 ಚದರ ಅಡಿಗೂ ಮಿಕ್ಕ ನೆಲದ ಮೇಲೆ, 170 ಅಡಿಗೂ ಮೇಲೆ ಗುಮ್ಮಟದ ಒಳಮೈ ನಿಂತಿದೆ. ಇವು ಒಡ್ಡೋಲಗದ, ನ್ಯಾಯದ, ಸಮಾಧಿಯ ಕಟ್ಟಡಗಳು. ಮನುಷ್ಯನನ್ನು ಸಣ್ಣವನನ್ನಾಗಿ ತೋರಿಸುವದು ಅವುಗಳ ಕೆಲಸ.

ಆದರೆ ಅದೇ ಪಟ್ಟಣದ ಇಬ್ರಾಹಿಮ ರೋಜಾದ ಶಿಲ್ಪಿ ಬೇರೆ ದಾರಿ ಹಿಡಿದನು. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಮನ ಆ ಸಮಾಧಿಯ ಒಳಕೋಣೆ ಸುಮಾರು 40 ಅಡಿ ಚೌಕ. ಮೇಲೆ ಗುಮ್ಮಟವಿದ್ದರೂ ಒಳಗೆ ನಿಂತವನಿಗೆ ಅದು ಕಾಣದು. ಸುತ್ತಲೂ ಗೋಡೆಯಿಂದ ಬಾಗಿ ಬಂದ ಅಂಚಿನ ನಡುವೆ, 24 ಅಡಿ ಚೌಕದಷ್ಟು ಕಲ್ಲಿನ ಛತ್ತು ಕೆಳಗೆ ಯಾವ ಆಧಾರವೂ ಇಲ್ಲದಂತೆ ಸಪಾಟಾಗಿ ನಿಂತಿದೆ. ಛತ್ತಿಗೂ ಗುಮ್ಮಟಕ್ಕೂ ನಡುವೆ ಬರಿದಾದ ಕೋಣೆ. ಕೋಣೆಯ ಅಗಲಕ್ಕೆ ಒಪ್ಪದಷ್ಟು ಎತ್ತರ ಕಣ್ಣಿಗೆ ಹಿತವಲ್ಲವೆಂದು ಬಗೆದು, ಗುಮ್ಮಟವನ್ನು ಹೊರಗಿನವರಿಗೂ ತಗ್ಗು ಛತ್ತನ್ನು ಒಳಗಿನವರಿಗೂ ಕೊಟ್ಟಂತಾಯಿತು. ಹೊರಮೈ ಬಿಸಿಲನ್ನು ತಾಳುವದು, ನಡುವಿನ ಬಯಲು ಅದನ್ನು ತಡೆಯುವದು, ಒಳಮೈ ತಂಪಾಗಿರುವದು. ಗೋಲಗುಮ್ಮಟಕ್ಕೆ ಬರುವ ಪ್ರವಾಸಿಗಳ ಮಂದಿ ಇಲ್ಲಿಗೂ ಬರುವದಾದರೂ, ಮನೆ ಕಟ್ಟಿಸುವವನು ತಲೆಯೆತ್ತಿ ನೋಡಬೇಕಾದದ್ದು ಈ ಛತ್ತನ್ನು.

ಮನೆಗಳಿಗೆ ಎತ್ತರದ ರೂಢಿ ಬಂದದ್ದು ಮಾತ್ರ ಬಾದಶಹರಿಂದಲ್ಲ, ಸಾಹೇಬರಿಂದ. 1884ರಲ್ಲಿ ಹೋಟಗಿ-ಗದಗ ರೇಲ್ವೆ ವಿಜಾಪುರದ ಮೇಲೆ ಹಾಯ್ದಿತು. 1885ರಲ್ಲಿ ಜಿಲ್ಲೆಯ ಕಚೇರಿ ಕಲಾದಗಿಯಿಂದ ಅಲ್ಲಿಗೆ ಬಂದಿತು. ಹೊಸ ಕಟ್ಟಡಗಳು ಸಾಲದೆ ಹಳೆಯ ಮಹಲು-ಮಸೀದಿಗಳಲ್ಲಿಯೇ ಸರಕಾರ ಬಿಡಾರ ಬಿಟ್ಟಿತು. ಒಂದು ಮಸೀದಿಯಿಂದ ಡಾಕಬಂಗಲೆಯನ್ನೂ ಇನ್ನೊಂದರಿಂದ ಅಂಚೆಮನೆಯ ಅವಶೇಷಗಳನ್ನೂ ತಾನು ಹೊರಹಾಕಿಸಿದೆನೆಂದು ಲಾರ್ಡ ಕರ್ಝನನು 1904ರಲ್ಲಿ ಹೇಳಿಕೊಳ್ಳಬೇಕಾಯಿತು. ಕೆಟ್ಟ ಗಾಳಿಯಿಂದ ರೋಗ ಬರುವದೆಂಬುದು ಆ ಕಾಲದ ಇಂಗ್ಲಿಷ ವೈದ್ಯರ ಮತ. ದಂಡಿನ ಆರೋಗ್ಯವನ್ನು ಕುರಿತ 1863ರ ಆಯೋಗದ ತರುವಾಯ ಒಬ್ಬೊಬ್ಬ ಸಿಪಾಯಿಗೂ ಇಷ್ಟು ಘನ ಅಡಿ ಗಾಳಿ ಬೇಕೆಂದು ಲೆಕ್ಕ ಹಾಕಿ ಇಮಾರತುಗಳನ್ನು ಎತ್ತರಿಸತೊಡಗಿದರು. ಆಳು ಎಳೆಯುವ ಪಂಖಾ ತೂಗಾಡಲಿಕ್ಕೂ ಎತ್ತರ ಬೇಕಾಗಿತ್ತು. ಬಂಗಲೆಯ ಎತ್ತರಕ್ಕೆ ತಕ್ಕಂತೆ ಸುತ್ತಲೂ ಅಗಲವಾದ ಪಡಸಾಲೆ, ಗೋಡೆಯ ನೆತ್ತಿಯಲ್ಲಿ ಕಾದ ಗಾಳಿ ಹೋಗುವ ಕಿಂಡಿ, ದಪ್ಪ ಗೋಡೆ ಇವೆಲ್ಲ ಇದ್ದವು. ರೇಲ್ವೆ ತಂದ ಸಾಗವಾನಿ, ಕಬ್ಬಿಣದ ತೊಲೆ, ಶಹಾಬಾದದ ಫರಸಿಗಳ ಬಲದಿಂದ ವಕೀಲರೂ ವರ್ತಕರೂ ಬಂಗಲೆಯನ್ನು ಅನುಕರಿಸಿದಾಗ ಎತ್ತರವನ್ನು ತೆಗೆದುಕೊಂಡರು. ಪಡಸಾಲೆ, ಕಿಂಡಿಗಳನ್ನು ಖರ್ಚಿನ ಭಯದಿಂದ ಬಿಟ್ಟರು. ಅಂದಿನಿಂದ ಎತ್ತರವು ಪ್ರತಿಷ್ಠೆಯ ಗುರುತಾಯಿತು.

ಹಳ್ಳಿಗಳಲ್ಲಿ ಆದರೂ ಮಣ್ಣಿನ ಮಾಳಿಗೆಯೇ ನಡೆದು ಬಂದಿತು. ಅದರ ಮೇಲಿನ ನಂಬಿಕೆಯನ್ನು ಅಲುಗಿಸಿದ್ದು 1993ರ ಸಪ್ಟಂಬರ 30ರ ನಸುಕು. ಭೀಮೆಯ ಆಚೆ, ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಎಂಟರಿಂದ ಹತ್ತು ಸಾವಿರ ಜನ ಮಲಗಿದಲ್ಲಿಯೇ ಸತ್ತರು. ಅಲ್ಲಿಯ ಮನೆಗಳು ಇಲ್ಲಿಯವುಗಳ ಒಡಹುಟ್ಟಿದವು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಒಂದರಿಂದ ಎರಡೂವರೆ ಅಡಿಯ ಮಣ್ಣು. ಹಗಲು ತಂಪು ಕೊಟ್ಟ ಆ ಭಾರವೇ ಇರುಳು ಮೈಮೇಲೆ ಬಿದ್ದಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಲ್ಲಿ ಮಾಳಿಗೆಯ ಭಾರವನ್ನು ಮರದ ಕಂಬ-ತೊಲೆಗಳು ಹೊತ್ತಿದ್ದವೋ, ಅಲ್ಲಿ ಗೋಡೆ ಕುಸಿದರೂ ಹಲವು ಮನೆಗಳಲ್ಲಿ ಚೌಕಟ್ಟು ನಿಂತು ಒಳಗಿದ್ದವರು ಬದುಕಿದರು. ಮರಾಠಿಯಲ್ಲಿ ಅಂಥ ಕಂಬಗಳ ನಡುವಿನ ಅಳತೆಗೆ ಖಣವೆನ್ನುವರು. ಕನ್ನಡದ ಅಂಕಣವೇ ಅದು. ಭಾರವನ್ನು ಗೋಡೆಯ ಮೇಲೆಯೇ ಹೇರಿದ ಮನೆಗಳಲ್ಲಿ ಉಳಿದವರು ಕಡಿಮೆ.

ಮಣ್ಣಿನ ಮಾಳಿಗೆ ಕಾಂಕ್ರೀಟಿಗೆ ಎಡೆಗೊಡುತ್ತ ಬಂದಿದೆ. ಭಯವೊಂದೇ ಅದಕ್ಕೆ ಕಾರಣವಲ್ಲ. ವರ್ಷವರ್ಷವೂ ಮಣ್ಣು ಹೊರುವವರು ಇಲ್ಲ, ಸೋರುವ ಮನೆಯನ್ನು ಯಾರೂ ಬಯಸರು. ಹಿಂದೆ ಸಿಂದಗಿ ತಾಲೂಕಿಗೆ ಸೇರಿ ಈಗ ತಾನೇ ತಾಲೂಕಿನ ಊರಾದ ದೇವರ ಹಿಪ್ಪರಗಿಯಲ್ಲಿಯೂ ಬೇರೆ ಕಡೆಯಲ್ಲಿಯೂ ಕಟ್ಟಿಸುವವರು ಸ್ಲ್ಯಾಬನ್ನೇ ಕೇಳುವರು. ಐದು ಇಂಚಿನ ಈ ಸ್ಲ್ಯಾಬು ಮಧ್ಯಾಹ್ನದ ಬಿಸಿಲನ್ನು ಮೂರು-ನಾಲ್ಕು ತಾಸಿನಲ್ಲಿ ಒಳಗೆ ಬಿಟ್ಟು, ಸಂಜೆಗೆ ಕಾದ ಹಂಚಿನಂತಾಗುವದು. ಹಂಚಿನ ಮುಂದೆ ಕುಳಿತವನಿಗೆ ಝಳ ತಾಕುವಂತೆ, ಕೆಳಗಿದ್ದವರಿಗೆ ಛತ್ತಿನ ಝಳ ನೇರವಾಗಿ ತಾಕುವದು. ಛತ್ತು ಎರಡು ಅಡಿ ಮೇಲೆ ಹೋದರೆ ಅದು ಕುಗ್ಗುವದು ಬಹಳ ಸ್ವಲ್ಪ. ನೆತ್ತಿಯಲ್ಲಿ ಕಿಂಡಿ ಇದ್ದರೆ ಕಾದ ಗಾಳಿ ಹೊರಗೆ ಹೋದೀತು; ಕಿಂಡಿಯಿಲ್ಲದ ಹನ್ನೆರಡು ಅಡಿಯ ಕೋಣೆ ಬರೇ ದೊಡ್ಡ ಪೆಟ್ಟಿಗೆ. ಮಣ್ಣು ಮಾಡುತ್ತಿದ್ದ ಕೆಲಸವನ್ನು ಎತ್ತರದಿಂದ ಬೇಡುವದು ಹೀಗೆ ವ್ಯರ್ಥ.

ವೆಚ್ಚವನ್ನಾದರೂ ನೋಡಬೇಕು. 30 ಅಡಿಗೆ 40 ಅಡಿಯ ಮನೆಯ ಹೊರಗೋಡೆಯ ಸುತ್ತಳತೆ 140 ಅಡಿ. ಎತ್ತರಕ್ಕೆ ಎರಡು ಅಡಿ ಕೂಡಿಸಿದರೆ 280 ಚದರ ಅಡಿ ಗೋಡೆ ಹೆಚ್ಚು, ಒಳಗೋಡೆಗಳ ಮಾತು ಬೇರೆ. ಮೆಟ್ಟಿಲುಗಳೂ ನಾಲ್ಕು ಹೆಚ್ಚುವವು. ಮುದುಕರ ಮೊಣಕಾಲು ಅವನ್ನು ದಿನಾಲು ಎಣಿಸುವದು. ಇಷ್ಟು ಮಾಡಿ ಎತ್ತರಿಸಿದ ಛತ್ತಿನಿಂದ ಉದ್ದನೆಯ ಕೋಲು ಇಳಿಬಿಟ್ಟು ಫ್ಯಾನನ್ನು ಮತ್ತೆ ಕೆಳಗೇ ತರುವರು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ವಿಧಿಸುವ ಕನಿಷ್ಠ ಎತ್ತರ 2.75 ಮೀಟರು, ಅಂದರೆ ಒಂಬತ್ತು ಅಡಿ. ವರಾಹಮಿಹಿರನ 32 ಮೊಳದ ಮನೆಗೆ ಬರುವ ಲೆಕ್ಕವೂ ಅದೇ.

ಹತ್ತು ಅಡಿಗೆ ನಿಲ್ಲಿಸಿ, ಉಳಿದ ಹಣವನ್ನು ಸ್ಲ್ಯಾಬಿನ ಮೇಲಕ್ಕೆ ಖರ್ಚುಮಾಡುವದು ಲೇಸು. ಬೇಸಗೆಗೆ ಮುಂಚೆ ಬಳಿದ ಬಿಳಿಯ ಸುಣ್ಣ, ಬೋರಲು ಜೋಡಿಸಿದ ಮಣ್ಣಿನ ಗಡಿಗೆಗಳ ಮೇಲೆ ಹಾಸಿದ ಹಂಚು, ಇಲ್ಲವೆ ಒಂದಾಳುದ್ದ ಮೇಲೆ ಗಾಳಿಯಾಡುವಂತೆ ಹೊದಿಸಿದ ತಗಡು; ಇವು ಹಗುರ, ಮೇಲಾಗಿ ಇಬ್ರಾಹಿಮ ರೋಜಾದಂತೆ ಬಿಸಿಲಿಗೂ ಛತ್ತಿಗೂ ನಡುವೆ ಬಯಲನ್ನು ಇಡುವಂಥವು. ಸ್ಲ್ಯಾಬು ಹಾಕುವ ದಿನ ಗೌಂಡಿಗೆ ನೆನಪಿಸಬೇಕಾದುದು ಇನ್ನೊಂದುಂಟು: ತೊಟ್ಟಿಲಿನ ಕೊಂಡಿ. ಜಂತಿಗೆ ಬೇಕಾದಾಗ ಹಗ್ಗ ಬಿಗಿಯಬಹುದಾಗಿತ್ತು. ಕಾಂಕ್ರೀಟಿನಲ್ಲಿ ಕೊಂಡಿಯನ್ನು ಮೊದಲೇ ಹುಗಿದಿಡಬೇಕು.