ಒತ್ತು ಕೂರುವ ಜಾಗ

1843ರ ಜುಲೈ 1ರಂದು ಹೊರಬಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ ಎಂಬುದು ಬಹಳ ಜನಕ್ಕೆ ಗೊತ್ತು. ಅದಕ್ಕೆ ಒಂದೇ ಒಂದು ಅಚ್ಚಿನ ಮೊಳೆಯನ್ನೂ ಬಳಸಿರಲಿಲ್ಲ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಆ ಪುಟಗಳು ಕಲ್ಲಚ್ಚಿನವು. ಕೈಯಲ್ಲಿ ಬರೆದದ್ದನ್ನು ನುಣುಪಾದ ಕಲ್ಲಿನ ಮೇಲೆ ಇಳಿಸಿ, ಜಿಡ್ಡುಮಸಿಯೂ ನೀರೂ ಬೆರೆಯದ ಗುಣವನ್ನೇ ಹಿಡಿದು ಪ್ರತಿ ತೆಗೆಯುತ್ತಿದ್ದರು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, 'ಕನ್ನಡ ಸಮಾಚಾರ' ಎಂದು ಹೆಸರು ಬದಲಿಸಿಕೊಂಡು, ಮೊಳೆಯಲ್ಲಿ ಅಚ್ಚಾಗತೊಡಗಿತು.

ಅಲ್ಲಿಂದ ಮುಂದೆ ಓದುವ ಅಕ್ಷರ ಮೊಳೆಯ ಕಡೆಗೆ ಹೋಯಿತು, ನೋಡುವ ಅಕ್ಷರ ಕೈಯಲ್ಲೇ ಉಳಿಯಿತು. ನೋಡುವ ಅಕ್ಷರ ಎಂದರೆ ಪೋಸ್ಟರಿನದು, ಅಂಗಡಿ ಬೋರ್ಡಿನದು, ಪುಸ್ತಕದ ರಕ್ಷಾಪುಟದ್ದು, ಸಿನಿಮಾ ಟೈಟಲ್ಲಿನದು. ಈಗ ಡಿಸ್‌ಪ್ಲೇ ಫಾಂಟ್ ಎಂದು ಕರೆಯುವುದರ ಹಿರೀಕರು ಇವರೇ. ಕನ್ನಡದಲ್ಲಿ ಆ ಹಿರೀಕರನ್ನು ಫೌಂಡ್ರಿಗಳ ಕೆಟಲಾಗಿನಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಗೋಡೆಗಳ ಮೇಲೆ ಹುಡುಕಬೇಕು.

ಓದುವ ಅಕ್ಷರದಲ್ಲಿ ನಾವು ಬಡವರಾಗಿರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ 1817ರಲ್ಲೇ ಮೊಳೆಯಲ್ಲಿ ಅಚ್ಚಾಗಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದ ಕಿಟ್ಟೆಲ್ ನಿಘಂಟನ್ನು ತೆರೆದು ನೋಡಿ. ಅಷ್ಟು ಸಣ್ಣ ಅಕ್ಷರದಲ್ಲಿ, ಕನ್ನಡದ ಪಕ್ಕಕ್ಕೇ ಇಂಗ್ಲಿಷ್ ಕೂತು, ಸಾವಿರಕ್ಕೂ ಹೆಚ್ಚು ಪುಟ ಕಣ್ಣಿಗೆ ನೋವಾಗದಂತೆ ಸಾಗುತ್ತದೆ. ಆ ಪುಟಗಳ ಮುಂದೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಅಲಂಕಾರದ ಮೊಳೆಗಳ ಕಥೆ ಬೇರೆ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಯಂತ್ರದಿಂದ ಮರದ ಮೊಳೆ ಕೊರೆಯಲು ಶುರುಮಾಡಿದ ಮೇಲೆ ಅಮೆರಿಕದ ಪೋಸ್ಟರುಗಳಲ್ಲಿ ದಪ್ಪ, ಚಪ್ಪಟೆ, ಹೂಬಳ್ಳಿ ಸುತ್ತಿದ ಅಕ್ಷರಗಳ ಜಾತ್ರೆಯೇ ನೆರೆಯಿತು. ಅವರಿಗೆ ಒಂದು ಹೊಸ ಮಾದರಿಗೆ ದೊಡ್ಡಕ್ಷರ ಇಪ್ಪತ್ತಾರು, ಅಂಕಿ ಹತ್ತು, ಒಂದಷ್ಟು ಚಿಹ್ನೆ ಸಾಕು. ನಮ್ಮದನ್ನು ಲೆಕ್ಕ ಹಾಕಿ: 34 ವ್ಯಂಜನಕ್ಕೆ ಹನ್ನೆರಡರ ಕಾಗುಣಿತ ಎಂದರೂ 408 ರೂಪ. ಅದರ ಮೇಲೆ ಸ್ವರಗಳು, ಅದರ ಮೇಲೆ ಪ್ರತಿ ವ್ಯಂಜನಕ್ಕೂ ಒಂದು ಒತ್ತು. ತಲೆಕಟ್ಟು, ಕೊಂಬು, ದೀರ್ಘಗಳನ್ನು ಬಿಡಿಸಿ ಜೋಡಿಸಿದರೂ ಒಂದು ಕೇಸಿಗೆ ನೂರಾರು ಮೊಳೆ ಬೇಕು. ಇಷ್ಟನ್ನು ಮದುವೆ ಕರೆಯೋಲೆಗೆ ಒಂದು, ನಾಟಕಕ್ಕೆ ಒಂದು, ಜಾತ್ರೆಗೆ ಒಂದು ಎಂದು ಬೇರೆಬೇರೆ ಮಾದರಿಯಲ್ಲಿ ಎರಕ ಹೊಯ್ಯಲು ಯಾವ ಫೌಂಡ್ರಿಯ ಗಂಟು ತಡೆದೀತು?

ದಾವಣಗೆರೆಯಲ್ಲಿ ನಮ್ಮಪ್ಪನ ಟ್ರೆಡಲ್ ಪ್ರೆಸ್ಸಿಗೆ ನಾಟಕ ಕಂಪನಿಗಳ ಕೆಲಸ ಬರುತ್ತಿತ್ತು. ಊರಲ್ಲಿ ಕ್ಯಾಂಪ್ ಹಾಕಿದ ಕಂಪನಿಗೆ ದಿನ ಬಿಟ್ಟು ದಿನ ಹ್ಯಾಂಡ್‌ಬಿಲ್ ಬೇಕು, ವಾರಕ್ಕೊಮ್ಮೆ ವಾಲ್‌ಪೋಸ್ಟರ್ ಬೇಕು. ಪ್ರೆಸ್ಸಿನಲ್ಲಿದ್ದದ್ದು ಒಂದೇ ಸೆಟ್ ಮರದ ಮೊಳೆ, ಅದೂ ಅರ್ಧಂಬರ್ಧ. 'ಸದಾರಮೆ' ಎಂದರೆ ಅಪ್ಪನಿಗೆ ಹಬ್ಬ. ಒಂದೂ ಒತ್ತಿಲ್ಲ, ಮೊಳೆ ಸಾಲಾಗಿ ನಿಂತು ಮುಗಿಯಿತು. 'ಹೇಮರೆಡ್ಡಿ ಮಲ್ಲಮ್ಮ' ಬಂದರೆ ಡಕಾರದ ಒತ್ತು, ಲಕಾರದ್ದು, ಮಕಾರದ್ದು, ಮೂರೂ ಬೇಕು. ಮೊಳೆಯಲ್ಲಿ ಒತ್ತು ಮೂಲಾಕ್ಷರದ ಪಕ್ಕಕ್ಕೆ ತುಸು ಕೆಳಗೆ ಕೂರುತ್ತದೆ. ತನ್ನ ಅಗಲದಷ್ಟು ಜಾಗವನ್ನು ತಾನು ಬಿಟ್ಟುಕೊಡುವುದಿಲ್ಲ. ಪುಸ್ತಕದ ಸಣ್ಣ ಅಕ್ಷರದಲ್ಲಿ ಅದು ಕಣ್ಣಿಗೆ ಬೀಳದು. ಗೇಣುದ್ದದ ಅಕ್ಷರದಲ್ಲಿ ಹೆಸರಿನ ನಡುವೆಯೇ ಹಲ್ಲು ಬಿದ್ದಂತೆ ಸಂದು ಕಾಣುತ್ತದೆ. ಅಪ್ಪ ಲಿನೋ ಶೀಟಿನಲ್ಲಿ ಒತ್ತುಗಳನ್ನು ತಾವೇ ಕೊರೆದು, ಮರದ ತುಂಡಿಗೆ ಅಂಟಿಸಿ, ಮೊಳೆಯ ಎತ್ತರಕ್ಕೆ ತರಲು ಅಡಿಗೆ ಕಾಗದ ಸೇರಿಸುತ್ತಿದ್ದರು.

ನಿಜವಾದ ಪರಿಹಾರ ಇದ್ದದ್ದು ಎದುರಿನ ಬೋರ್ಡು ಬರೆಯುವವರ ಹತ್ತಿರ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಹೊಡೆದರೆ ಗೋಡೆಯ ಮೇಲೆ ಎರಡು ಗೆರೆ ಮೂಡುತ್ತಿದ್ದವು. ಅವರು ಮೂರನೆಯದನ್ನೂ ಹೊಡೆಯುತ್ತಿದ್ದರು, ಅದು ಒತ್ತಿಗೆ. "ಮೊದ್ಲು ಒತ್ತಿಗೆ ಜಾಗ ನೋಡ್ಕೋಬೇಕಪ್ಪ, ಆಮೇಲೆ ಅಕ್ಷರ" ಎಂದು ನನಗೆ ಹೇಳಿಕೊಟ್ಟವರು ಅವರೇ. 'ಅನ್ನಪೂರ್ಣೇಶ್ವರಿ' ಎಂದು ಖಾನಾವಳಿಯ ಬೋರ್ಡು ಬರೆಯುವಾಗ ನಕಾರದ ಒತ್ತನ್ನು ಅಕ್ಷರದ ಹೊಟ್ಟೆಯ ಕೆಳಗೇ ತೂರಿಸುತ್ತಿದ್ದರು. ಅರ್ಕಾವತ್ತಿನ ಬಾಲವನ್ನು ಎಳೆದು ಮುಂದಿನ 'ಶ್ವ'ದ ಒತ್ತಿಗೆ ಮುಟ್ಟಿಸುತ್ತಿದ್ದರು. ಮೊಳೆಗೆ ಹೊರೆಯಾಗಿದ್ದ ಒತ್ತು ಅವರ ಕೈಯಲ್ಲಿ ಬೋರ್ಡಿನ ಒಡವೆಯಾಗುತ್ತಿತ್ತು. ಚಪ್ಪಟೆ ಕುಂಚ, ಎನಾಮಲ್ ಬಣ್ಣ, ಕೈ ಊರಲು ತುದಿಗೆ ಬಟ್ಟೆಯುಂಡೆ ಕಟ್ಟಿದ ಕೋಲು, ಕೊನೆಗೆ ಬಲಕ್ಕೊಂದು ಶೇಡ್. ಕನ್ನಡದ ಡಿಸ್‌ಪ್ಲೇ ಅಕ್ಷರದ ವ್ಯಾಕರಣ ಯಾವುದಾದರೂ ಇದ್ದರೆ ಅದನ್ನು ಕಟ್ಟಿದವರು ಊರೂರಿನ ಇಂಥ ಪೇಂಟರುಗಳು. ಅವರಲ್ಲಿ ಬಹುಪಾಲು ಜನರ ಹೆಸರು ಬೋರ್ಡಿನ ಮೂಲೆಯಲ್ಲಿ 'ಆರ್ಟ್ಸ್' ಎಂಬುದರ ಹಿಂದೆ ಮಾತ್ರ ಉಳಿದಿತ್ತು. ಬೋರ್ಡು ಹೋದಾಗ ಅದೂ ಹೋಯಿತು.

ವಾರಪತ್ರಿಕೆಗಳಲ್ಲಿ ಇದೇ ಕೆಲಸ ಸತುವಿನ ಬ್ಲಾಕಿನ ಮೂಲಕ ನಡೆಯಿತು. ಕಲಾವಿದರು ಕಥೆಯ ಹೆಸರನ್ನು ದೊಡ್ಡದಾಗಿ ಕಪ್ಪುಮಸಿಯಲ್ಲಿ ಬರೆಯುತ್ತಿದ್ದರು, ಅದನ್ನು ಕ್ಯಾಮೆರಾದಲ್ಲಿ ಕಿರಿದಾಗಿಸಿ, ಆಮ್ಲದಲ್ಲಿ ತಿನ್ನಿಸಿ, ಬ್ಲಾಕು ಮಾಡಿ ಮೊಳೆಗಳ ನಡುವೆ ಕೂರಿಸುತ್ತಿದ್ದರು. ಹಳೆಯ ಸಂಚಿಕೆಗಳಲ್ಲಿ ದೆವ್ವದ ಕಥೆಯ ಅಕ್ಷರ ನಡುಗುವುದು, ಪ್ರೇಮಕಥೆಯದು ಬಳುಕುವುದು ಈ ಕಾರಣಕ್ಕೆ. ಅಲ್ಲಿ ಒಂದೊಂದು ಶೀರ್ಷಿಕೆಯೂ ಒಂದೇ ಸಲ ಬಳಸಿದ ಫಾಂಟು.

ಕಂಪ್ಯೂಟರ್ ಬಂದಾಗ ಮತ್ತೆ ಮೊದಲು ನೆಲೆಯಾದದ್ದು ಓದುವ ಅಕ್ಷರವೇ. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ವಿಂಡೋಸ್ ಜೊತೆಗೆ ಬಂದ ಆರ್.ಕೆ. ಜೋಶಿಯವರ ತುಂಗಾ. ಇವುಗಳ ಋಣ ದೊಡ್ಡದು. ಇವಿಲ್ಲದಿದ್ದರೆ ಕನ್ನಡ ತೆರೆಯ ಮೇಲೆ ಬರುತ್ತಲೇ ಇರಲಿಲ್ಲ. ಆದರೆ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಫ್ಲೆಕ್ಸ್ ಬಂದು ಪೇಂಟರುಗಳ ಕುಂಚವನ್ನು ಕಿತ್ತುಕೊಂಡಾಗ, ಅವರ ಜಾಗಕ್ಕೆ ತರಲು ಕೈಯಲ್ಲಿದ್ದದ್ದು ಬೆರಳೆಣಿಕೆಯ ಫಾಂಟುಗಳು. ಓದಲೆಂದು ಮಾಡಿದ ಅಕ್ಷರವನ್ನೇ ಅಡ್ಡಕ್ಕೆ ಜಗ್ಗಿ, ಸುತ್ತ ಹಳದಿ ಅಂಚು ಕೊಟ್ಟು, ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಅದನ್ನೇ ಹಾಕಿದರು. ಕಾಕಾ ಅಂಗಡಿ ಮುಚ್ಚಿ ಮಗನ ಊರಿಗೆ ಹೋದದ್ದು ಆ ಕಾಲದಲ್ಲಿ.

ಈಚೆಗೆ ಮಾತ್ರ ನನಗೆ ಜೀವ ಬಂದಂತಾಗಿದೆ. ಫಾಂಟು ರೂಪಿಸುವ ಏಕ್ ಟೈಪ್‌ನವರ 'ಬಾಲೂ ತಮ್ಮ' ಫಾಂಟು ದುಂಡುದುಂಡಾಗಿ, ಗೋಡೆಬರಹದ ಠೀವಿಯಲ್ಲಿ ಬಂತು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ಅಕಾಯ ಕನಡಕದಲ್ಲಿ ಬರೆಯುವ ಕೈಯ ಓಟ ಕಾಣುತ್ತದೆ. ಏಕ್ ಟೈಪ್‌ನವರದೇ ಅನೇಕ್‌ನಲ್ಲಿ ಅಕ್ಷರವನ್ನು ಕಿರಿದಾಗಿಯೂ ಅಗಲವಾಗಿಯೂ ಮಾಡಿಕೊಳ್ಳಬಹುದು, ಗೆರೆಯ ದಪ್ಪ ಕೆಡುವುದಿಲ್ಲ; ಕಾಕಾ ಬೋರ್ಡಿನ ಉದ್ದ ನೋಡಿ ಕಣ್ಣಳತೆಯಲ್ಲಿ ಮಾಡುತ್ತಿದ್ದದ್ದು ಇದನ್ನೇ. ಮೂರೂ ಮುಕ್ತ ಪರವಾನಗಿಯವು, ಯಾರು ಬೇಕಾದರೂ ಬಳಸಬಹುದು. ಆದರೂ ಹಳೆಯ ಲೆಕ್ಕ ಬದಲಾಗಿಲ್ಲ. ಒಂದು ಅಲಂಕಾರದ ಫಾಂಟು ಮಾಡಹೊರಟವರು ಇವತ್ತಿಗೂ ನೂರಾರು ರೂಪಗಳನ್ನು ಒಂದೊಂದಾಗಿ ಬಿಡಿಸಬೇಕು, ಯಾವ ಒತ್ತು ಯಾವ ಅಕ್ಷರದಡಿ ಎಲ್ಲಿ ಕೂರಬೇಕೆಂದು ಹೇಳಿಕೊಡಬೇಕು.

2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ನಾಮಫಲಕದ ಶೇಕಡ 60 ಭಾಗ ಕನ್ನಡಕ್ಕೆ ಎಂದಾಯಿತು. ಬೆಂಗಳೂರಿನ ಎಷ್ಟೋ ಅಂಗಡಿಗಳು ತಮ್ಮ ಇಂಗ್ಲಿಷ್ ಹೆಸರಿಗೆ ಚಿತ್ರಗಾರರನ್ನು ಹಿಡಿದು ಅಕ್ಷರ ಬರೆಸಿದ್ದವು. ಕನ್ನಡಕ್ಕೆ ಕೈಗೆ ಸಿಕ್ಕ ಫಾಂಟನ್ನು ಜಗ್ಗಿ ಮೇಲೆ ಕೂರಿಸಿದವು. ಜಾಗ ಸಿಕ್ಕಿತು, ರೂಪ ಸಿಗಲಿಲ್ಲ. ರೂಪಕ್ಕೆ ಮಾದರಿ ಬೇಕು. ಅದಕ್ಕೇ ನಾನು ಈಗ ಹಾವೇರಿ, ರಾಣೇಬೆನ್ನೂರು, ಹರಿಹರದ ಹಳೆಯ ಪೇಟೆಗಳಲ್ಲಿ ಉಳಿದಿರುವ ಕೈಬರಹದ ಬೋರ್ಡುಗಳ ಫೋಟೋ ತೆಗೆಯುತ್ತಿದ್ದೇನೆ. ಕೊಟ್ರೇಶ್ವರ, ರೇಣುಕಾ, ಮಂಜುನಾಥ ಎಂಬ ಹೆಸರಿನ ಅಂಗಡಿ ಎಲ್ಲ ಊರಲ್ಲೂ ಇರುವುದರಿಂದ ಒಂದೇ ಹೆಸರನ್ನು ಹತ್ತು ಕೈಗಳು ಹೇಗೆ ಬರೆದಿವೆ ಎಂದು ಪಕ್ಕಪಕ್ಕ ಇಟ್ಟು ನೋಡಬಹುದು. 'ಕೊಟ್ರೇಶ್ವರ'ದಲ್ಲಿ ಟಕಾರದ ಕೆಳಗಿನ ರಕಾರವನ್ನು ಹರಿಹರದ ಕೈಯೊಂದು ಎಡಕ್ಕೆ ಸುತ್ತಿಸಿ ಹಿಂದಿನ 'ಕೊ'ಗೆ ಪೀಠ ಮಾಡಿದೆ. ಅದನ್ನು ಈಗ ಟ್ರೇಸ್ ಮಾಡುತ್ತಿದ್ದೇನೆ. ಟಕಾರಕ್ಕೆ ಒಪ್ಪಿದ್ದು ಪಕಾರಕ್ಕೂ ತಕಾರಕ್ಕೂ ಒಪ್ಪುತ್ತದೆಯೇ ಎಂದು ಒಂದೊಂದಾಗಿ ಬರೆದು ನೋಡಬೇಕು.